ಕಾರವಾರದ ಸೆಕೆಗೆ ಪುದೀನಾ ವಿಸ್ಕಿ: ಮನೆಯಲ್ಲೇ ಜೂಲೆಪ್ ಮಾಡುವ ಬಗೆ

ಮೊದಲ ಸಲ ಮಿಂಟ್ ಜೂಲೆಪ್ ಮಾಡಿದಾಗ ನಾನು ಪುದೀನಾವನ್ನು ಮಿಕ್ಸಿಗೆ ಹಾಕಿದ್ದೆ. ಒಂದು ಕಟ್ಟು ಸೊಪ್ಪು, ನಾಲ್ಕು ಚಮಚ ಸಕ್ಕರೆ, ಮೇಲಿಂದ ವಿಸ್ಕಿ. ಗುಂಡಿ ಒತ್ತಿದೆ. ಲೋಟಕ್ಕೆ ಬಂದದ್ದು ಹಸಿರು ಚಟ್ನಿಯ ನೀರು. ಶಿರಸಿಯಿಂದ ಬಂದಿದ್ದ ಭಾವ ಮೂಸಿ ನೋಡಿ, "ಎಂತದೋ ಇದು, ತಂಬ್ಳಿಗೆ ಐಸ್ ಹಾಕಿದ್ಯನೋ?" ಎಂದರು. ಕುಡಿದರೆ ಬರೀ ಕಹಿ. ಹಲ್ಲಿನ ಸಂದಿಯಲ್ಲೆಲ್ಲ ಸೊಪ್ಪು. ನಾಲ್ಕು ಲೋಟವೂ ಬಚ್ಚಲಿಗೆ ಹೋಯಿತು.

ಆಮೇಲೆ ಗೊತ್ತಾಯಿತು. ಈ ಪಾನೀಯದಲ್ಲಿ ಪುದೀನಾವನ್ನು ತಿನ್ನುವುದೂ ಇಲ್ಲ, ಕುಡಿಯುವುದೂ ಇಲ್ಲ. ಮೂಸುವುದು, ಅಷ್ಟೇ. ನಾಲಿಗೆಗೆ ವಿಸ್ಕಿ, ಮೂಗಿಗೆ ಪುದೀನಾ, ಕೈಗೆ ತಣ್ಣನೆ ಲೋಟ. ಈ ಮೂರು ಸರಿಯಾದರೆ ಏಪ್ರಿಲ್ ತಿಂಗಳ ಕಾರವಾರದ ಸಂಜೆಗೂ ಒಂದು ಮರ್ಯಾದೆ ಬರುತ್ತದೆ.

ಜೂಲೆಪ್ ಎಲ್ಲಿಯದು?

ಅಮೆರಿಕದ ದಕ್ಷಿಣದ ರಾಜ್ಯಗಳದ್ದು. ಜಾನ್ ಡೇವಿಸ್ ಎಂಬ ಪ್ರವಾಸಿ 1803ರಲ್ಲಿ ಬರೆದ ಪುಸ್ತಕದಲ್ಲಿ, ವರ್ಜೀನಿಯಾದವರು ಬೆಳಿಗ್ಗೆ ಎದ್ದು ಪುದೀನಾ ನೆನೆಸಿದ ಮದ್ಯ ಕುಡಿಯುತ್ತಾರೆ ಎಂದಿದೆ. ನಾವು ಚಹಾ ಕುಡಿಯುವ ಹೊತ್ತಿಗೆ! ಕೆಂಟಕಿಯ ಲೂಯಿವಿಲ್ ಊರಲ್ಲಿ ಮೇ ತಿಂಗಳ ಮೊದಲ ಶನಿವಾರ ದೊಡ್ಡ ಕುದುರೆ ರೇಸ್ ನಡೆಯುತ್ತದೆ. ಹೆಸರು ಕೆಂಟಕಿ ಡರ್ಬಿ. 1938ರಿಂದ ಜೂಲೆಪ್ ಆ ರೇಸಿನ ಅಧಿಕೃತ ಪಾನೀಯ.

ಹೆಸರು ಮಾತ್ರ ನಮ್ಮ ಕಡೆಯಿಂದ ಹೋದದ್ದು ಅನ್ನಬಹುದು. ಪಾರಸಿಯಲ್ಲಿ ಗುಲ್ ಅಂದರೆ ಹೂ, ಆಬ್ ಅಂದರೆ ನೀರು. ಗುಲಾಬ್ ಅಂದರೆ ಪನ್ನೀರು. ಅರಬ್ಬರ ಬಾಯಲ್ಲಿ ಅದು ಜುಲಾಬ್ ಆಯಿತು, ಸಿಹಿ ಪಾಕ ಎಂಬ ಅರ್ಥ ಪಡೆಯಿತು. ಯುರೋಪಿಗೆ ಹೋಗಿ ಜೂಲೆಪ್ ಆಯಿತು. ಕಹಿ ಔಷಧವನ್ನು ಸಿಹಿ ಪಾಕದಲ್ಲಿ ಕೊಡುತ್ತಿದ್ದರಲ್ಲ, ಅದೇ. ಆ ಜುಲಾಬ್ ನಮ್ಮಲ್ಲಿಗೂ ಬಂತು. ಆದರೆ ನಾವು ಅದನ್ನು ಹೊಟ್ಟೆ ತೊಳೆಯುವ ಔಷಧಕ್ಕೆ ಇಟ್ಟುಕೊಂಡೆವು! ಹಾಗಾಗಿ ಮನೆಯ ಹಿರಿಯರಿಗೆ ಈ ಪಾನೀಯದ ಹೆಸರು ಹೇಳುವಾಗ ಉಚ್ಚಾರ ಸ್ವಲ್ಪ ನೋಡಿಕೊಳ್ಳಿ.

ಪುದೀನಾ: ಕೊಳ್ಳುವುದು, ಇಡುವುದು

ಕಾರವಾರದ ಭಾನುವಾರದ ಸಂತೆಯಲ್ಲಿ ಪುದೀನಾ ಸಿಗುತ್ತದೆ. ಬೆಳಿಗ್ಗೆ ಬೇಗ ಹೋದರೆ ಎಲೆ ಗಟ್ಟಿಯಾಗಿರುತ್ತದೆ. ಹನ್ನೊಂದರ ಬಿಸಿಲಿಗೆ ಅದೇ ಕಟ್ಟು ಜೋಲು ಮುಖ ಹಾಕಿಕೊಂಡು ಕೂತಿರುತ್ತದೆ. ಕಟ್ಟನ್ನು ಬಿಚ್ಚಿಸಿ ನೋಡಿ. ಹೊರಗೆ ಹಸಿರಾಗಿದ್ದು ನಡುವೆ ಕಪ್ಪಾಗಿದ್ದರೆ ಬೇಡ.

ನಮ್ಮ ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಇಂಗ್ಲಿಷಿನಲ್ಲಿ ಸ್ಪಿಯರ್‌ಮಿಂಟ್ ಎನ್ನುವ ಜಾತಿ. ಜೂಲೆಪ್‌ಗೆ ಬೇಕಾದದ್ದೂ ಅದೇ. ಪೆಪ್ಪರ್‌ಮಿಂಟ್ ಬೇರೆ ಜಾತಿ. ಅದರಲ್ಲಿ ಮೆಂಥಾಲ್ ಜಾಸ್ತಿ. ಹಾಕಿದರೆ ಕೆಮ್ಮಿನ ಗುಳಿಗೆ ಚೀಪಿದ ಹಾಗಾಗುತ್ತದೆ.

ಮನೆಗೆ ತಂದ ಮೇಲೆ ದಂಟಿನ ತುದಿ ಕತ್ತರಿಸಿ, ಹೂ ಇಟ್ಟ ಹಾಗೆ ಲೋಟದ ನೀರಿನಲ್ಲಿ ನಿಲ್ಲಿಸಿ. ಮೇಲೆ ಒಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನಕ್ಕೆ ಮೋಸವಿಲ್ಲ. ಬಾಡಿದ ದಂಟನ್ನು ಐಸ್ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿಟ್ಟರೆ ಬಹಳ ಸಲ ಎದ್ದು ಕೂರುತ್ತದೆ. ಬಳಸುವ ಮೊದಲು ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಿಸಿ. ಒದ್ದೆ ಎಲೆ ಪರಿಮಳ ಬಿಡುವುದು ಕಡಿಮೆ.

ಇನ್ನು ಮಿಕ್ಸಿ ಯಾಕೆ ಬೇಡ ಅಂದರೆ: ಪುದೀನಾದ ಪರಿಮಳದ ಎಣ್ಣೆ ಇರುವುದು ಎಲೆಯ ಮೇಲ್ಮೈಯಲ್ಲಿರುವ ಸಣ್ಣ ಸಣ್ಣ ಚೀಲಗಳಲ್ಲಿ. ಮೆಲ್ಲಗೆ ಒತ್ತಿದರೆ ಅವು ಒಡೆಯುತ್ತವೆ. ಅರೆದರೆ ಎಲೆಯೇ ಚಿಂದಿಯಾಗಿ ಒಳಗಿನ ಹಸಿರೂ ಕಹಿಯೂ ಹೊರಗೆ ಬರುತ್ತದೆ. ಚಟ್ನಿಗೆ ಹಸಿಮೆಣಸು, ಉಪ್ಪು, ಹುಳಿ ಇರುವುದರಿಂದ ಆ ಕಹಿ ಮುಚ್ಚಿಹೋಗುತ್ತದೆ. ವಿಸ್ಕಿ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಐಸ್: ಕರಾವಳಿಯವರ ನಿಜವಾದ ತಲೆನೋವು

ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ. ಯಾಕೆಂದರೆ ಜೂಲೆಪ್ ಕೆಡುವುದು ವಿಸ್ಕಿಯಿಂದಲ್ಲ, ಐಸಿನಿಂದ.

ಮೊದಲನೆಯದು ವಾಸನೆ. ನಮ್ಮ ಮನೆಗಳ ಫ್ರೀಜರಿನಲ್ಲಿ ಏನಿರುತ್ತದೆ? ಬಂಗಡೆ, ಸಿಗಡಿ, ನಿನ್ನೆಯ ಮಸಾಲೆ. ಮುಚ್ಚದ ಟ್ರೇಯಲ್ಲಿ ಎರಡು ದಿನ ಕೂತ ಐಸ್ ಆ ಎಲ್ಲ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಒಮ್ಮೆ ನನ್ನ ಜೂಲೆಪ್ ಪೂರ್ತಿ ಬಂಗಡೆ ಜೂಲೆಪ್ ಆಗಿತ್ತು. ಮುಚ್ಚಳ ಇರುವ ಟ್ರೇ ತನ್ನಿ, ಇಲ್ಲವೇ ಟ್ರೇಯನ್ನು ಜಿಪ್ ಚೀಲದೊಳಗೆ ಇಡಿ. ಕುದಿಸಿ ಆರಿಸಿದ ನೀರು ಬಳಸಿ. ಗಟ್ಟಿಯಾದ ತಕ್ಷಣ ತುಂಡುಗಳನ್ನು ತೆಗೆದು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಎರಡನೆಯದು ಪ್ರಮಾಣ. ಒಂದು ಜೂಲೆಪ್‌ಗೆ ಒಂದು ಟ್ರೇ ತುಂಬ ಐಸ್ ಹೋಗುತ್ತದೆ. ನಮ್ಮ ಸೆಕೆಗೆ ಒಂದೂವರೆ ಇಟ್ಟುಕೊಳ್ಳಿ. ನಾಲ್ಕು ಜನ ಬರುವುದಿದ್ದರೆ ಹಿಂದಿನ ದಿನವೇ ಶುರು ಮಾಡಬೇಕು. ಮಳೆಗಾಲದಲ್ಲಿ ಕರೆಂಟ್ ಕೈ ಕೊಡುವುದು ಹೊಸತೇನಲ್ಲ, ಆ ಲೆಕ್ಕವನ್ನೂ ಇಟ್ಟುಕೊಳ್ಳಿ. ಬೈತಖೋಲ ಬಂದರಿನಲ್ಲಿ ದೋಣಿಗಳಿಗೆ ತುಂಬುವ ಐಸ್ ನೋಡಿ ಆಸೆಪಡಬೇಡಿ. ಅದು ಮೀನಿಗೆ, ಹೊಟ್ಟೆಗಲ್ಲ.

ಮೂರನೆಯದು ಪುಡಿ ಮಾಡುವುದು. ಜೂಲೆಪ್‌ಗೆ ಇಡೀ ತುಂಡು ಆಗುವುದಿಲ್ಲ. ಗೋಲಾ ಐಸಿಗಿಂತ ಸ್ವಲ್ಪ ದಪ್ಪ, ಕಲ್ಲುಸಕ್ಕರೆ ಚೂರಿನಷ್ಟು ಸಾಕು. ದಪ್ಪ ಹತ್ತಿ ಬಟ್ಟೆಯ ಚೀಲಕ್ಕೆ ಐಸ್ ಹಾಕಿ, ಬಾಯಿ ಸುತ್ತಿ, ಲಟ್ಟಣಿಗೆಯಿಂದ ಬಡಿಯಿರಿ. ಬಟ್ಟೆ ಕರಗಿದ ನೀರನ್ನು ಹೀರುತ್ತದೆ, ಐಸ್ ಒಣಗಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಡಿದರೆ ನೀರು ಒಳಗೇ ಉಳಿದು ಪಾನೀಯಕ್ಕೆ ಸೇರುತ್ತದೆ. ಅಜ್ಜಿಯ ಎಲೆ-ಅಡಿಕೆ ಕುಟ್ಟಾಣಿ ಕಣ್ಣಿಗೆ ಬಿದ್ದರೂ ಸುಮ್ನೆ ಬಿಟ್ಟುಬಿಡಿ. ಎಷ್ಟು ತೊಳೆದರೂ ತಂಬಾಕಿನ ವಾಸನೆ ಹೋಗುವುದಿಲ್ಲ. ಅಜ್ಜಿಯ ಬೈಗುಳ ಬೇರೆ.

ಅಂದಹಾಗೆ, ಐಸ್ ಹಾಕಿ ಕುಡಿಯುವುದು ಒಂದು ಕಾಲಕ್ಕೆ ದೊಡ್ಡ ಶ್ರೀಮಂತಿಕೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕೆರೆಗಳ ಐಸ್ ಕೊಯ್ದು ಹಡಗಿನಲ್ಲಿ ಬಿಸಿ ದೇಶಗಳಿಗೆ ಮಾರುತ್ತಿದ್ದ. 1833ರಲ್ಲಿ ಅವನ ಹಡಗು ಕಲ್ಕತ್ತಕ್ಕೂ ಬಂತು. ಚೆನ್ನೈಯ ವಿವೇಕಾನಂದ ಇಲ್ಲಂ ಮೊದಲು ಆ ಐಸ್ ಇಡುವ ಕಟ್ಟಡವೇ ಆಗಿತ್ತು. ನಾಲ್ಕು ತಿಂಗಳು ಸಮುದ್ರದ ಮೇಲೆ ಪೂರ್ತಿ ಕರಗದೆ ಬಂದ ಐಸ್! ನಮ್ಮ ಅಡುಗೆಮನೆಯಲ್ಲಿ ಹತ್ತು ನಿಮಿಷ ನಿಲ್ಲುವುದಿಲ್ಲ.

ಲೋಟ ಮತ್ತು ಉಳಿದ ಸಾಮಾನು

ಜೂಲೆಪ್‌ಗೆ ಅಮೆರಿಕದವರು ಬೆಳ್ಳಿಯ ಲೋಟ ಬಳಸುತ್ತಾರೆ. ಲೋಹ ಬೇಗ ತಣ್ಣಗಾಗುತ್ತದೆ, ಹೊರಗೆ ಬಿಳಿ ಹಿಮದ ಪುಡಿ ಕಟ್ಟುತ್ತದೆ. ನಮ್ಮಲ್ಲಿ ಸ್ಟೀಲ್ ಲೋಟ ಮನೆ ತುಂಬ ಇದೆ, ಸಾಕು. 250ರಿಂದ 300 ಮಿ.ಲೀ. ಹಿಡಿಯುವ ಮಜ್ಜಿಗೆ ಲೋಟ ಹೇಳಿ ಮಾಡಿಸಿದ ಹಾಗಿದೆ. ಬೆಳ್ಳಿ ಲೋಟ ಇದ್ದರೂ ದೇವರ ಕೋಣೆಯದಕ್ಕೆ ಕೈ ಹಾಕಬೇಡಿ, ಮನೆಯಲ್ಲಿ ಇನ್ನೂ ಇರಬೇಕಲ್ವಾ. ಕಲಾಯಿ ಇಲ್ಲದ ತಾಮ್ರ ಅಥವಾ ಹಿತ್ತಾಳೆ ಲೋಟವಂತೂ ಬೇಡವೇ ಬೇಡ. ಮುಂದೆ ಬರುವ ಲಿಂಬೆ, ಮುರುಗಲಿನ (ಕೋಕಂ) ಹುಳಿ ತಾಗಿದರೆ ತಾಮ್ರ ಪಾನೀಯಕ್ಕೆ ಇಳಿಯುತ್ತದೆ.

ಅಳತೆಗೆ 30 ಮತ್ತು 60 ಮಿ.ಲೀ.ನ ಪೆಗ್ ಮೆಜರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೆಮ್ಮಿನ ಔಷಧದ ಮುಚ್ಚಳದಲ್ಲಿ 5, 10 ಎಂದು ಗೆರೆ ಇರುತ್ತದೆ, ತೊಳೆದು ಬಳಸಿ. ಕಣ್ಣಂದಾಜು ಮಾತ್ರ ಬೇಡ. ಕಣ್ಣಂದಾಜಿನ ಪೆಗ್ಗು ಪ್ರತಿ ಸಲ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ.

ಎಲೆ ಒತ್ತಲು ಲಟ್ಟಣಿಗೆಯ ತುದಿ. ಕಲಸಲು ಒಂದು ಸಣ್ಣ ಕಡಗೋಲು. ಹೌದು, ಮಜ್ಜಿಗೆ ಕಡೆಯುವುದೇ. ಕೆರಿಬಿಯನ್ ದ್ವೀಪಗಳಲ್ಲಿ ಕವಲು ಇರುವ ಕಡ್ಡಿಯೊಂದನ್ನು ಎರಡು ಅಂಗೈ ನಡುವೆ ಹೊಸೆದು ಐಸ್ ಪಾನೀಯ ಕಲಸುತ್ತಾರೆ, ಅದಕ್ಕೆ ಸ್ವಿಜಲ್ ಎನ್ನುತ್ತಾರೆ. ಥೇಟ್ ನಮ್ಮ ಕಡಗೋಲಿನ ಕೆಲಸ. ಬೇರೆಯೇ ಒಂದು ಹೊಸದನ್ನು ಇಟ್ಟುಕೊಳ್ಳಿ. ಹಳೆಯದರಲ್ಲಿ ಮಜ್ಜಿಗೆಯ ವಾಸನೆ ಕೂತಿರುತ್ತದೆ.

ಯಾವ ವಿಸ್ಕಿ?

ಮೂಲ ಜೂಲೆಪ್‌ಗೆ ಬೂರ್ಬನ್. ಅದು ಅಮೆರಿಕದ ವಿಸ್ಕಿ. ಕನಿಷ್ಠ 51% ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು ಎಂಬುದು ಅಲ್ಲಿನ ಕಾನೂನು. ಆ ಸುಟ್ಟ ಮರದಿಂದಲೇ ವೆನಿಲಾ, ಸುಟ್ಟ ಸಕ್ಕರೆಯ ಪರಿಮಳ ಬರುವುದು.

ಬೂರ್ಬನ್ ಬೆಲೆ ಕೇಳಿ ಗಾಬರಿಯಾದರೆ ನಮ್ಮ ವಿಸ್ಕಿಯೇ ಇರಲಿ. ಇಲ್ಲಿನ ಕಡಿಮೆ ಬೆಲೆಯ ವಿಸ್ಕಿಗಳಲ್ಲಿ ಬಹಳಷ್ಟಕ್ಕೆ ಬುನಾದಿ ಕಾಕಂಬಿಯ ಸ್ಪಿರಿಟ್, ಅಂದರೆ ಕಬ್ಬು. ಸ್ವಲ್ಪ ಸಿಹಿ ಗುಣ ಇರುತ್ತದೆ, ಪುದೀನಾ ಜೊತೆ ಜಗಳವಾಡುವುದಿಲ್ಲ. ತೀರಾ ಅಗ್ಗದ್ದು ಬೇಡ. ಐಸ್, ಸಕ್ಕರೆ ಏನೇ ಹಾಕಿದರೂ ಅದರ ಗಂಟಲು ಉರಿ ಹೋಗುವುದಿಲ್ಲ. ಹೊಗೆಯ ವಾಸನೆಯ ಸ್ಕಾಚ್ ಕೂಡ ಇದಕ್ಕೆ ಆಗಿಬರುವುದಿಲ್ಲ. 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾಗಿ ಹೆಸರು ಮಾಡಿದ ಬೆಂಗಳೂರಿನ ಅಮೃತ್, ಪಕ್ಕದ ಗೋವಾದ ಪಾಲ್ ಜಾನ್, ಇಂಥ ಸಿಂಗಲ್ ಮಾಲ್ಟ್‌ಗಳನ್ನು (ಒಂದೇ ಕಡೆ ಬಾರ್ಲಿ ಮಾಲ್ಟ್‌ನಿಂದ ಭಟ್ಟಿ ಇಳಿಸಿದ ವಿಸ್ಕಿ) ಸಕ್ಕರೆ ಹಾಕಿ ಕುಡಿಯಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮ ದುಡ್ಡು, ನಿಮ್ಮ ಇಷ್ಟ.

ಗೋವಾ ಅಂದ ಕೂಡಲೇ ಕಾರವಾರದವರ ಕಣ್ಣು ಅರಳುತ್ತದೆ. ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಮಾಜಾಳಿ, ಅದರಾಚೆ ಅಗ್ಗದ ಬಾಟಲಿ. ಆದರೆ ಪರವಾನಗಿ ಇಲ್ಲದೆ ಈಚೆ ತಂದರೆ ಅಬಕಾರಿ ಕೇಸು ಬೀಳುತ್ತದೆ. ಉಳಿಸಿದ ಇನ್ನೂರು ರೂಪಾಯಿಗೆ ವಕೀಲರ ಮನೆ ಅಲೆಯುವುದು ಯಾಕೆ? ಲೇಬಲ್ ಇಲ್ಲದ ಬಾಟಲಿ ಯಾರು ಕೊಟ್ಟರೂ ಮುಟ್ಟಬೇಡಿ.

ಸಕ್ಕರೆ ಪಾಕ

ಒಂದು ಲೋಟ ಸಕ್ಕರೆ, ಒಂದು ಲೋಟ ನೀರು. ಬಿಸಿ ಮಾಡಿ, ಸಕ್ಕರೆ ಕರಗಿದ ಕೂಡಲೇ ಇಳಿಸಿ. ಎಳೆ ಪಾಕ ಬರಬಾರದು, ಲಾಡು ಮಾಡುತ್ತಿಲ್ಲ. ಆರಿದ ಮೇಲೆ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಇರುತ್ತದೆ. ಸಕ್ಕರೆಯನ್ನು ಹಾಗೇ ಹಾಕಿದರೆ ತಣ್ಣನೆ ವಿಸ್ಕಿಯಲ್ಲಿ ಕರಗದೆ ತಳದಲ್ಲಿ ಮರಳಿನಂತೆ ಕೂರುತ್ತದೆ.

ಈಗ ಜೂಲೆಪ್

ಒಬ್ಬರಿಗೆ: ವಿಸ್ಕಿ 60 ಮಿ.ಲೀ., ಸಕ್ಕರೆ ಪಾಕ 15 ಮಿ.ಲೀ., ಪುದೀನಾ ಎಲೆ 8–10, ಮೇಲೆ ಸಿಕ್ಕಿಸಲು ಒಂದು ಚೆಂದದ ಕುಡಿ, ಪುಡಿ ಐಸ್ ಬೇಕಾದಷ್ಟು.

1. ಸ್ಟೀಲ್ ಲೋಟವನ್ನು ಅರ್ಧ ಗಂಟೆ ಮೊದಲೇ ಫ್ರೀಜರಿನಲ್ಲಿಡಿ. ವಿಸ್ಕಿ ಬಾಟಲಿಯನ್ನೂ ಫ್ರಿಜ್ಜಿನಲ್ಲಿಡಿ. ಘಟ್ಟದ ಮೇಲಿನವರಿಗೆ ಇದು ಕಡ್ಡಾಯವಲ್ಲ, ಕರಾವಳಿಯವರಿಗೆ ಕಡ್ಡಾಯ.

2. ಲೋಟದ ತಳಕ್ಕೆ ಎಲೆ ಮತ್ತು ಪಾಕ ಹಾಕಿ. ಲಟ್ಟಣಿಗೆಯ ತುದಿಯಿಂದ ಐದಾರು ಸಲ ಒತ್ತಿ. ಗುದ್ದಬೇಡಿ, ತಿರುವಬೇಡಿ. ಮಲಗಿದ ಮಗುವನ್ನು ತಟ್ಟಿ ಎಬ್ಬಿಸುವಷ್ಟು ಸಾಕು. ಎಲೆ ಹರಿಯಬಾರದು, ಪರಿಮಳ ಮಾತ್ರ ಮೂಗಿಗೆ ಬಡಿಯಬೇಕು. ಎಲೆಯನ್ನು ಲೋಟದ ಗೋಡೆಗೂ ಒಮ್ಮೆ ಸವರಿ.

3. ವಿಸ್ಕಿ ಹಾಕಿ. ಒಂದು ನಿಮಿಷ ಬಿಡಿ. ಈ ಹೊತ್ತಿನಲ್ಲಿ ಐಸ್ ಬಡಿದುಕೊಳ್ಳಿ. ಮೊದಲೇ ಬಡಿದಿಟ್ಟರೆ ಅರ್ಧ ನೀರಾಗಿರುತ್ತದೆ.

4. ಲೋಟದ ಮುಕ್ಕಾಲು ಭಾಗ ಐಸ್ ತುಂಬಿ. ಕಡಗೋಲು ಇಳಿಸಿ ಅಂಗೈಯಲ್ಲಿ ಹೊಸೆಯಿರಿ, ಇಪ್ಪತ್ತು ಎಣಿಸುವವರೆಗೆ. ಐಸ್ ಕುಸಿಯುತ್ತದೆ, ಲೋಟದ ಹೊರಗೆ ಮಂಜು ಹಿಡಿಯುತ್ತದೆ. ಬಟ್ಟೆ ಹಿಡಿದು ಲೋಟದ ಕಂಠ ಹಿಡಿಯಿರಿ, ಅಂಗೈಯ ಬಿಸಿ ತಾಗಬಾರದು.

5. ಮತ್ತೆ ಐಸ್ ತುಂಬಿ, ಮೇಲೆ ಗುಡ್ಡದ ಹಾಗೆ ಏರಿಸಿ.

6. ಪುದೀನಾ ಕುಡಿಯನ್ನು ಒಂದು ಅಂಗೈ ಮೇಲಿಟ್ಟು ಇನ್ನೊಂದರಿಂದ ಒಂದೇ ಒಂದು ಚಪ್ಪಾಳೆ ತಟ್ಟಿ. ಐಸಿಗೆ ಸಿಕ್ಕಿಸಿ. ಸ್ಟ್ರಾ ಹಾಕುವುದಾದರೆ ಗಿಡ್ಡಗೆ ಕತ್ತರಿಸಿ, ಕುಡಿಯ ಪಕ್ಕದಲ್ಲೇ ಇಡಿ. ಪ್ರತಿ ಗುಟುಕಿಗೂ ಮೂಗು ಪುದೀನಾದೊಳಗೆ ಇರಬೇಕು. ಇದು ಅಲಂಕಾರವಲ್ಲ, ಇದೇ ಪಾನೀಯ.

ಮೊದಲ ಗುಟುಕು ಖಾರ ಅನಿಸುತ್ತದೆ. ಎರಡು ನಿಮಿಷ ಬಿಡಿ. ಐಸ್ ಕರಗುತ್ತ ಬಂದ ಹಾಗೆ ಹದ ಆಗುತ್ತದೆ. ಜೂಲೆಪ್ ಒಂದೇ ಲೋಟದಲ್ಲಿ ಮೂರು ರುಚಿ ತೋರಿಸುವ ಪಾನೀಯ. ಗಟಗಟ ಕುಡಿದವರಿಗೆ ಎರಡು ತಪ್ಪಿಹೋಗುತ್ತವೆ.

ಫೋಟೋಗಳಲ್ಲಿ ಕಾಣುವ ಬಿಳಿ ಹಿಮ ನಿಮ್ಮ ಲೋಟಕ್ಕೆ ಬರಲಿಲ್ಲ ಎಂದು ಬೇಸರ ಬೇಡ. ಕಾರವಾರದ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ. ತಣ್ಣನೆ ಲೋಟಕ್ಕೆ ಆ ಪಸೆ ಮುತ್ತಿಕೊಂಡು ಹನಿಯಾಗುತ್ತದೆ, ಹನಿಯಾಗುವಾಗ ಬಿಸಿಯನ್ನೂ ಕೊಡುತ್ತದೆ. ಹಿಮ ಕಟ್ಟುವ ಮೊದಲೇ ನೀರು ಇಳಿಯಲು ಶುರು. ಲೋಟದ ಹೊರಗನ್ನು ಒರೆಸಿ, ತಲೆಯ ಮೇಲಿನ ಫ್ಯಾನ್ ಎರಡು ನಿಮಿಷ ಆರಿಸಿ ನೋಡಿ. ಡಿಸೆಂಬರಿನಲ್ಲಿ ಶಿರಸಿಯ ಅಂಗಳದಲ್ಲಿ ಮಾಡಿದಾಗ ನನಗೆ ಒಮ್ಮೆ ಚೆನ್ನಾಗಿ ಬಂದಿತ್ತು. ಕಾರವಾರದಲ್ಲಿ ಇದುವರೆಗೆ ಅರ್ಧಂಬರ್ಧವೇ.

ಜೋನಿಬೆಲ್ಲದ ಜೂಲೆಪ್

ನನ್ನ ಪ್ರಕಾರ ಮೂಲಕ್ಕಿಂತ ಇದೇ ಮೇಲು. ಪಕ್ಷಪಾತ ಇರಬಹುದು. ಶಿರಸಿ, ಸಿದ್ದಾಪುರದ ಕಡೆ ಆಲೆಮನೆ ಮುಗಿದ ಮೇಲೆ ಮನೆಮನೆಗೆ ಡಬ್ಬಿಯಲ್ಲಿ ಬರುವ ಜೋನಿಬೆಲ್ಲ, ಅಂದರೆ ದ್ರವ ಬೆಲ್ಲ, ಗೊತ್ತಲ್ಲ. ಅದರಲ್ಲಿ ಬರೀ ಸಿಹಿ ಇಲ್ಲ. ಒಲೆಯ ಹೊಗೆ ಇದೆ, ಒಂದು ಎಳೆ ಉಪ್ಪು ಇದೆ. ಸುಟ್ಟ ಓಕ್ ಪೀಪಾಯಿ ಬೂರ್ಬನ್‌ಗೆ ಕೊಡುವ ಪರಿಮಳದ ದೂರದ ನೆಂಟ ಇದು. ಕಾಕಂಬಿ ಬುನಾದಿಯ ವಿಸ್ಕಿಗಂತೂ ಹತ್ತಿರದ ನೆಂಟ, ಎರಡೂ ಕಬ್ಬಿನ ಮನೆಯವೇ.

ಎರಡು ಚಮಚ ಜೋನಿಬೆಲ್ಲಕ್ಕೆ ಒಂದು ಚಮಚ ಬಿಸಿನೀರು ಹಾಕಿ ಕದಡಿ, ಆರಲು ಬಿಡಿ. ತಳದಲ್ಲಿ ಕಸ ಇದ್ದರೆ ಸೋಸಿ. ಸಕ್ಕರೆ ಪಾಕದ ಬದಲು ಇದನ್ನು 15 ಮಿ.ಲೀ. ಹಾಕಿ. ಉಳಿದದ್ದೆಲ್ಲ ಮೇಲಿನ ಹಾಗೆಯೇ. ಬಣ್ಣ ಕಂದು, ನೋಡಲು ಅಷ್ಟೇನೂ ಚೆಂದವಿಲ್ಲ. ಹೋದ ವರ್ಷದ ಹಳೆಯ ಜೋನಿ ಹುಳಿ ಬಂದಿದ್ದರೆ ಬೇಡ. ಜೇನಿನಲ್ಲೂ ಹೀಗೇ ಮಾಡಬಹುದು. ಆದರೆ ಒಳ್ಳೆಯ ತುಡುವೆ ಜೇನಿನ ಪರಿಮಳ ವಿಸ್ಕಿಯ ಮುಂದೆ ಮಂಕಾಗುತ್ತದೆ. ಅದನ್ನು ದೋಸೆಗೇ ಇಟ್ಟುಕೊಳ್ಳಿ.

ಲಿಂಬೆ ಹಿಂಡಿದರೆ ಸ್ಮ್ಯಾಶ್

ಅಮೆರಿಕದ ಬಾರ್‌ಟೆಂಡರ್ ಜೆರ್ರಿ ಥಾಮಸ್ 1862ರ ತನ್ನ ಪುಸ್ತಕದಲ್ಲಿ ಸ್ಮ್ಯಾಶ್ ಎಂದರೆ ಚಿಕ್ಕ ಅಳತೆಯ ಜೂಲೆಪ್ ಎಂದಿದ್ದ. ಈಗ ಅದಕ್ಕೆ ಲಿಂಬೆ ಸೇರಿದೆ. ಸೆಕೆಗೆ ಜೂಲೆಪ್‌ಗಿಂತ ಇದೇ ಹಿತ ಅನ್ನುವವರು ಬಹಳ. ವಿಸ್ಕಿ ಕುಡಿದು ಅಭ್ಯಾಸ ಇಲ್ಲದವರಿಗೂ ಇದು ಸುಲಭ.

ಅಲ್ಲಿಯವರು ದೊಡ್ಡ ಹಳದಿ ಲೆಮನ್ ಹೋಳುಗಳನ್ನು ಸಿಪ್ಪೆ ಸಮೇತ ಜಜ್ಜುತ್ತಾರೆ. ನಮ್ಮ ಲಿಂಬೆ ಚಿಕ್ಕದು, ಸಿಪ್ಪೆಯ ಕಹಿ ಜಾಸ್ತಿ. ಹಾಗಾಗಿ ರಸ 20 ಮಿ.ಲೀ. ಹಿಂಡಿಕೊಂಡು, ಕಾಲು ಹೋಳು ಸಿಪ್ಪೆಯನ್ನು ಮಾತ್ರ ಎಲೆಯ ಜೊತೆ ಒತ್ತಿ. ವಿಸ್ಕಿ 60, ಪಾಕ 25, ಎಲೆ ಏಳೆಂಟು. ಇದನ್ನು ಕುಲುಕಬೇಕು. ಶೇಕರ್ ಇಲ್ಲದಿದ್ದರೆ ಹಳೆಯ ಹಾರ್ಲಿಕ್ಸ್ ಬಾಟಲಿ ಇದೆಯಲ್ಲ. ಐಸ್ ತುಂಡು ಹಾಕಿ, ಮುಚ್ಚಳ ಬಿಗಿದು, ಬಟ್ಟೆ ಸುತ್ತಿ ಹದಿನೈದು ಎಣಿಸುವವರೆಗೆ ಕುಲುಕಿ. ಚಹಾ ಸೋಸುವ ಜರಡಿಯಲ್ಲಿ ಸೋಸಿ, ಹೊಸ ಐಸ್ ಇರುವ ಲೋಟಕ್ಕೆ ಹಾಕಿ. ಸೋಸದಿದ್ದರೆ ಮತ್ತೆ ಹಲ್ಲಿಗೆ ಸೊಪ್ಪು. ರವೆ ಹಚ್ಚಿ ಕರಿದ ಬಂಗಡೆ ಪಕ್ಕದಲ್ಲಿದ್ದರೆ ಸ್ಮ್ಯಾಶ್‌ಗೆ ಅದೇ ಜೋಡಿ. ಜೂಲೆಪ್‌ಗೆ ಹಲಸಿನ ಹಪ್ಪಳ.

ಮುರುಗಲು, ಮುಳ್ಳುಸೌತೆ, ಮಾವು

ಮುರುಗಲು ಹಾಕಿದರೆ ಲಿಂಬೆ ಬೇಡ. ಒಣಗಿದ ಸಿಪ್ಪೆ ಎಂಟು ಹತ್ತು ತೆಗೆದುಕೊಂಡು ಅರ್ಧ ಲೋಟ ಉಗುರುಬೆಚ್ಚನೆ ನೀರಿನಲ್ಲಿ ಒಂದು ಗಂಟೆ ನೆನೆಸಿ, ಕಿವುಚಿ, ಸೋಸಿ. ಈ ರಸ 30 ಮಿ.ಲೀ., ಪಾಕ 20, ವಿಸ್ಕಿ 60, ಪುದೀನಾ ಆರು ಎಲೆ, ಉಪ್ಪು ಚಿಟಿಕೆ. ಸಿಪ್ಪೆಗೆ ಮೊದಲೇ ಉಪ್ಪು ಹಾಕಿ ಒಣಗಿಸಿದ್ದರೆ ಮತ್ತೆ ಉಪ್ಪು ಬೇಡ, ನಾಲಿಗೆಗೆ ಹಚ್ಚಿ ನೋಡಿ. ಇದನ್ನು ಗಾಜಿನ ಲೋಟದಲ್ಲೇ ಕೊಡಿ. ಆ ಕೆಂಪು ಬಣ್ಣವನ್ನು ಸ್ಟೀಲಿನೊಳಗೆ ಬಚ್ಚಿಡುವುದು ಅನ್ಯಾಯ. ಬಿಳಿ ಲುಂಗಿ ಉಟ್ಟವರು ಸ್ವಲ್ಪ ದೂರ ಕೂರಿ.

ಮುಳ್ಳುಸೌತೆಯದು ನನ್ನ ಕಲ್ಪನೆಯಲ್ಲ. ನ್ಯೂಯಾರ್ಕಿನ ಬಾರ್‌ಟೆಂಡರ್ ಸ್ಯಾಮ್ ರಾಸ್ ಮಾಡಿದ ಕೆಂಟಕಿ ಮೇಡ್ ಎಂಬ ಪಾನೀಯದಲ್ಲಿ ಬೂರ್ಬನ್, ಪುದೀನಾ, ಲಿಂಬೆಯ ಜೊತೆ ಸೌತೆಕಾಯಿ ಇದೆ. ಎಳೆ ಮುಳ್ಳುಸೌತೆಯ ತೊಟ್ಟಿನ ತುದಿ ಕೊಯ್ದು ಉಜ್ಜಿ ನೊರೆ ತೆಗೆಯಿರಿ, ಕಹಿ ಇದೆಯೋ ಒಂದು ಚೂರು ತಿಂದು ನೋಡಿ. ಮೂರು ಬಿಲ್ಲೆ ಹೆಚ್ಚಿ ಎಲೆಯ ಜೊತೆ ಒತ್ತಿ. ಲಿಂಬೆ ರಸ 20, ಪಾಕ 20, ವಿಸ್ಕಿ 60. ಕುಲುಕಿ, ಸೋಸಿ. ಮಳೆಗಾಲದ ಸೌತೆಗೆ ನೀರು ಜಾಸ್ತಿ, ಆಗ ಎರಡೇ ಬಿಲ್ಲೆ ಸಾಕು.

ಜಾರ್ಜಿಯಾದ ಕಡೆ ಜೂಲೆಪ್‌ಗೆ ಪೀಚ್ ಹಣ್ಣಿನ ರುಚಿ ಸೇರಿಸುತ್ತಾರೆ. ನಮಗೆ ಪೀಚ್ ಎಲ್ಲಿ? ಮೇ ತಿಂಗಳಲ್ಲಿ ಅಂಕೋಲೆಯ ಇಶಾಡು ಮಾವು ಇದೆ. 2023ರಲ್ಲಿ ಕರಿ ಇಶಾಡಿಗೆ ಜಿಐ ಟ್ಯಾಗ್ ಕೂಡ ಸಿಕ್ಕಿತು. ಎರಡು ಚಮಚ ರಸ, ಪಾಕ ಅರ್ಧಕ್ಕೆ ಇಳಿಸಿ, ನಾಲ್ಕು ಹನಿ ಲಿಂಬೆ. ಎರಡು ಚಮಚಕ್ಕಿಂತ ಜಾಸ್ತಿ ಹಾಕಿದರೆ ರಸಾಯನಕ್ಕೆ ವಿಸ್ಕಿ ಬೆರೆಸಿದ ಹಾಗೆ. ನಿಜ ಹೇಳಬೇಕೆಂದರೆ ಇಶಾಡನ್ನು ಹಾಗೇ ತಿನ್ನುವುದೇ ಒಳ್ಳೆಯದು, ಉಳಿದರೆ ಮಾತ್ರ ಈ ಕೆಲಸ.

ಶುಂಠಿಯದೂ ಒಂದಿದೆ. ಹಸಿಶುಂಠಿ ಎರಡು ತೆಳು ಬಿಲ್ಲೆ ಜಜ್ಜಿ, ಸ್ಮ್ಯಾಶಿಗೆ ಸೇರಿಸಿ, ಮೇಲೆ ಸೋಡಾ. ಜುಲೈಗೆ ಒಳ್ಳೆಯದು.

ಹತ್ತು ಜನ ಬಂದರೆ

ಒಂದೊಂದೇ ಲೋಟಕ್ಕೆ ಎಲೆ ಒತ್ತುತ್ತಾ ಕೂತರೆ ಮೊದಲಿನವರು ಮುಗಿಸಿ ಎರಡನೆಯದು ಕೇಳುತ್ತಾರೆ. ಹಿಂದಿನ ದಿನ ಪುದೀನಾ ಪಾಕ ಮಾಡಿಡಿ. ಸಕ್ಕರೆ ಪಾಕ ಇಳಿಸಿ, ಬೆರಳಿಗೆ ತಡೆಯುವಷ್ಟು ಆರಿದ ಮೇಲೆ ಒಂದು ದೊಡ್ಡ ಹಿಡಿ ಎಲೆ ಹಾಕಿ ಮುಚ್ಚಿ. ಇಪ್ಪತ್ತು ನಿಮಿಷಕ್ಕೆ ಸೋಸಿ. ಕುದಿಯುವಾಗ ಹಾಕಿದರೆ ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ. ವಾರದೊಳಗೆ ಮುಗಿಸಿ.

600 ಮಿ.ಲೀ. ವಿಸ್ಕಿಗೆ 150 ಮಿ.ಲೀ. ಪುದೀನಾ ಪಾಕ ಬೆರೆಸಿ ಫ್ರಿಜ್ಜಿನಲ್ಲಿಟ್ಟರೆ ಹತ್ತು ಜೂಲೆಪ್ ಸಿದ್ಧ. ಒಬ್ಬರಿಗೆ 75 ಮಿ.ಲೀ. ಹಾಕಿ, ಐಸ್ ತುಂಬಿ, ಕಡಗೋಲು ತಿರುಗಿಸಿ, ಮೇಲೆ ತಾಜಾ ಕುಡಿ ಸಿಕ್ಕಿಸಿ. ಆ ತಾಜಾ ಕುಡಿಯಲ್ಲಿ ಜಿಪುಣತನ ಬೇಡ.

ಕುಡಿಯದವರು ಮನೆಯಲ್ಲಿ ಇದ್ದೇ ಇರುತ್ತಾರೆ, ಅವರ ಕೈಗೆ ಬರೀ ಸೋಡಾ ಕೊಟ್ಟು ಕೂರಿಸುವುದು ಸರಿಯಲ್ಲ. ಗಟ್ಟಿ ಕಪ್ಪು ಚಹಾ ಮಾಡಿ ತಣ್ಣಗಾಗಿಸಿ, ವಿಸ್ಕಿಯ ಬದಲು ಅದೇ 60 ಮಿ.ಲೀ. ಹಾಕಿ, ಜೋನಿಬೆಲ್ಲದ ಪಾಕ, ಪುದೀನಾ, ಪುಡಿ ಐಸ್. ಚಹಾದ ಒಗರು ವಿಸ್ಕಿಯ ಜಾಗ ತುಂಬುತ್ತದೆ. ನನ್ನ ಅಕ್ಕನಿಗೆ ಇದೇ ಇಷ್ಟ. ಭಾವನ ಲೋಟಕ್ಕಿಂತ ತನ್ನದೇ ಚೆನ್ನಾಗಿದೆ ಎಂದು ಪ್ರತಿ ಸಲ ಹೇಳುತ್ತಾಳೆ.

ಎಷ್ಟು ಸಾಕು

ನಮ್ಮ ವಿಸ್ಕಿಯಲ್ಲಿ ಸಾಮಾನ್ಯವಾಗಿ 42.8% ಆಲ್ಕೋಹಾಲ್. 60 ಮಿ.ಲೀ. ಅಂದರೆ ಹೆಚ್ಚುಕಡಿಮೆ 25 ಮಿ.ಲೀ. ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 20 ಗ್ರಾಂ. ಸಿಹಿ ಮತ್ತು ತಂಪು ಇದನ್ನು ಮುಚ್ಚಿಡುತ್ತವೆ, ಪಾನಕ ಕುಡಿದ ಹಾಗೆ ಇಳಿದುಹೋಗುತ್ತದೆ. ನಮ್ಮ ಮನೆಯಲ್ಲಿ ಎರಡು ಲೋಟಕ್ಕೆ ಬಾಟಲಿ ಒಳಗೆ ಹೋಗುತ್ತದೆ. ನಡುನಡುವೆ ನೀರು ಕುಡಿಯಿರಿ, ಸೆಕೆಗೆ ಬೆವರಿಯೇ ಅರ್ಧ ನೀರು ಹೋಗಿರುತ್ತದೆ. 21 ತುಂಬದವರಿಗೆ, ಗರ್ಭಿಣಿಯರಿಗೆ, ದಿನಾ ಮಾತ್ರೆ ತೆಗೆದುಕೊಳ್ಳುವವರಿಗೆ ಚಹಾದ್ದೇ ಕೊಡಿ.

ಗಾಡಿ ಕೀಲಿ ಕಸಿದುಕೊಳ್ಳಿ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕಿಂತ ಹೆಚ್ಚಾಗಿ ದೇವಿಮನೆ ಘಟ್ಟದ ತಿರುವುಗಳಿಗೆ ಕಾನೂನೂ ಗೊತ್ತಿಲ್ಲ, ನೆಂಟಸ್ತಿಕೆಯೂ ಗೊತ್ತಿಲ್ಲ. ಭಾವನಿಗೆ ನಮ್ಮಲ್ಲೇ ಹಾಸಿಗೆ ಹಾಸುತ್ತೇವೆ. ಕುಡಿದ ಮೇಲೆ ಕಡಲಿಗೆ ಇಳಿಯುವ ಉಮೇದು ಬಂದವರನ್ನೂ ಹಿಡಿದು ಕೂರಿಸಿ.

ಉಳಿದ ದಂಟು

ಎಲೆ ಬಿಡಿಸಿದ ದಂಟುಗಳನ್ನು ಎಸೆಯಬೇಡಿ. ಗಟ್ಟಿಯಾದ ನಾಲ್ಕೈದು ಆರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಗಂಟು ಮುಳುಗುವ ಹಾಗೆ ನೀರಿನಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ವಾರ ಹತ್ತು ದಿನದಲ್ಲಿ ಬಿಳಿ ಬೇರು ಬರುತ್ತದೆ. ಅಗಲ ಬಾಯಿಯ ಕುಂಡದಲ್ಲಿ ನೆಡಿ, ಬೆಳಗಿನ ಬಿಸಿಲು ಸಾಕು. ನೆಲಕ್ಕೆ ನೆಟ್ಟರೆ ಹಿತ್ತಲೆಲ್ಲ ತನ್ನದೇ ಅನ್ನುತ್ತದೆ. ಜೂನ್ ಬಂದ ಕೂಡಲೇ ಕುಂಡವನ್ನು ಮಾಡಿನ ಕೆಳಗೆ ಎಳೆದುಕೊಳ್ಳಿ, ನಮ್ಮ ಮಳೆಗೆ ಬೇರು ಕೊಳೆಯುತ್ತದೆ. ಹೋದ ವರ್ಷ ನಾನು ಮರೆತೆ, ಗಣೇಶ ಚೌತಿಯವರೆಗೆ ಮತ್ತೆ ಸಂತೆಯ ಕಟ್ಟೇ ಗತಿಯಾಯಿತು.